ಮಗಳ ಕಡೆಯಿಂದ

ಕೆಳಗಿನ ಮನೆಯ ಅಜ್ಜಿ ಬಾಗಿಲು ತಟ್ಟಿದಾಗ ಅವರ ಕೈಯಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇತ್ತು. ಮುಚ್ಚಳದ ಬಣ್ಣವೆಲ್ಲ ಎದ್ದುಹೋಗಿ ಅಂಚಿಗೆ ತುಕ್ಕು ಹಿಡಿದಿತ್ತು. "ನಿನಗೆ ಕಂಪ್ಯೂಟರ್ ಚೆನ್ನಾಗಿ ಗೊತ್ತಲ್ಲ ಮಗಳೇ, ನನಗೊಂದು ಸಹಾಯ ಮಾಡ್ತೀಯಾ?" ಅಂದರು. ಡಬ್ಬಿಯಲ್ಲಿ ಮದುವೆಯ ಪತ್ರಗಳಿದ್ದವು. ತೀರಿಕೊಂಡವರ ಫೋಟೊ ಅಚ್ಚು ಹಾಕಿಸಿದ ಪುಟ್ಟ ಪುಟ್ಟ ಕಾರ್ಡುಗಳಿದ್ದವು. ಅವರ ಅಮ್ಮ ಪೆನ್ಸಿಲ್ಲಿನಲ್ಲಿ ಬರೆದಿಟ್ಟ ಒಂದು ಚೀಟಿಯೂ ಇತ್ತು. ಅದರಲ್ಲಿ ಇದ್ದದ್ದು ಒಂದೇ ಸಾಲು: ನಾವು ಲೂಯಿ ಎಬೇರ್ ಕಡೆಯವರು.

ಅಜ್ಜಿಗೆ 83 ವರ್ಷ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಕೆನಡಾದ ಕ್ವಿಬೆಕ್ ನಗರಕ್ಕೆ ನಾವು ಬಂದ ಮೊದಲ ವಾರವೇ ಮೆಟ್ಟಿಲು ಹತ್ತಿ ಬಂದು ಒಂದು ಬಾಟಲಿ ಮೇಪಲ್ ಪಾಕ ಕೊಟ್ಟು ಹೋಗಿದ್ದರು. ನನ್ನ ಹರಕು ಮುರುಕು ಫ್ರೆಂಚನ್ನು ತಿದ್ದಿದವರೂ ಅವರೇ. ಅಮ್ಮನ ಚೀಟಿಯ ಮಾತು ನಿಜವೋ ಸುಳ್ಳೋ ಅಂತ ಅವರಿಗೆ ತಿಳಿಯಬೇಕಿತ್ತು. "ಅಮ್ಮ ಸುಮ್ನೆ ಏನನ್ನೂ ಬರೆಯುವವಳಲ್ಲ" ಅಂತ ಎರಡು ಸಲ ಹೇಳಿದರು.

ಲೂಯಿ ಎಬೇರ್ ಯಾರು ಅಂತ ಇಲ್ಲಿ ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ಫ್ರಾನ್ಸಿನಿಂದ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದು, ಕ್ವಿಬೆಕ್‌ನಲ್ಲಿ ಉತ್ತು ಬಿತ್ತಿ ಬದುಕಿದ ಮೊದಲ ಫ್ರೆಂಚ್ ರೈತ. ಆದರೆ ಅವನು ಹುಟ್ಟಾ ರೈತನಲ್ಲ. ಪ್ಯಾರಿಸ್ ನಗರದಲ್ಲಿ ಒರಳಲ್ಲಿ ಬೇರು ಸೊಪ್ಪು ಅರೆದು ಔಷಧಿ ಮಾಡಿ ಮಾರುತ್ತಿದ್ದವನು. ತಂದೆಯದೂ ಅದೇ ಕಸುಬು. 1575ರ ಆಸುಪಾಸಿನಲ್ಲಿ ಹುಟ್ಟಿದ. ಈ "ಆಸುಪಾಸು" ಯಾಕೆ ಅಂದರೆ, 1871ರ ಮೇ ತಿಂಗಳ ದಂಗೆಯಲ್ಲಿ ಪ್ಯಾರಿಸ್‌ನ ನಗರಸಭೆ ಕಟ್ಟಡಕ್ಕೆ ಬೆಂಕಿ ಬಿತ್ತು. ಅಲ್ಲಿ ಇಟ್ಟಿದ್ದ ಹಳೆಯ ಚರ್ಚು ದಾಖಲೆಗಳೆಲ್ಲ ಸುಟ್ಟು ಬೂದಿಯಾದವು. ಹುಟ್ಟು, ಮದುವೆ, ಸಾವು ಬರೆದಿಟ್ಟಿದ್ದ ಮುನ್ನೂರು ವರ್ಷಗಳ ಪುಸ್ತಕಗಳು. ಉಳಿದದ್ದು ನೋಟರಿಗಳ ಕಟ್ಟುಗಳು. ಮನೆ ಮಾರಿದ್ದು, ಸಾಲ ತೀರಿಸಿದ್ದು, ಪಾಲು ಮಾಡಿಕೊಂಡಿದ್ದು ಇವೆಲ್ಲ ಅಲ್ಲಿದ್ದವು. ಎಬೇರ್‌ನ ಪ್ಯಾರಿಸ್ ಬದುಕಿನ ಬಗ್ಗೆ ನಮಗೆ ಸಿಗುವ ವಿವರಗಳಲ್ಲಿ ಹೆಚ್ಚಿನವು ಅಂಥ ಪತ್ರಗಳಿಂದಲೇ ಬಂದವು.

ಮನೆತನ ಹುಡುಕುವ ಕೆಲಸ ಇಷ್ಟು ಕ್ರಮಬದ್ಧವಾಗಿ ನಡೆಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಇಲ್ಲಿಯ ರೀತಿ ಹೀಗೆ. ಗೊತ್ತಿರುವ ಒಂದು ಮದುವೆಯಿಂದ ಶುರು ಮಾಡಬೇಕು. ಮದುವೆಯ ದಾಖಲೆಯಲ್ಲಿ ಗಂಡಿನ ಅಪ್ಪ ಅಮ್ಮ, ಹೆಣ್ಣಿನ ಅಪ್ಪ ಅಮ್ಮ, ನಾಲ್ವರ ಹೆಸರೂ ಇರುತ್ತದೆ. ಆ ನಾಲ್ವರ ಎರಡು ಮದುವೆಗಳನ್ನು ಹುಡುಕಿದರೆ ಇನ್ನೂ ನಾಲ್ಕು ದಂಪತಿಗಳು ಸಿಗುತ್ತಾರೆ. ಹೀಗೆ ಮದುವೆಯಿಂದ ಮದುವೆಗೆ ಮೆಟ್ಟಿಲು ಇಳಿದಂತೆ ಹಿಂದಕ್ಕೆ ಹೋಗುವುದು. 1994ರವರೆಗೂ ಕ್ವಿಬೆಕ್‌ನಲ್ಲಿ ಚರ್ಚಿನ ಪುಸ್ತಕವೇ ಸರ್ಕಾರದ ದಾಖಲೆಯೂ ಆಗಿತ್ತು. ಅದಕ್ಕೂ ಮುಂಚೆ, ಇಲ್ಲಿ ಫ್ರೆಂಚರ ಆಳ್ವಿಕೆ ಇದ್ದಾಗ, 1667ರಲ್ಲಿ ಫ್ರಾನ್ಸಿನ ರಾಜ ಒಂದು ಕಟ್ಟಪ್ಪಣೆ ಹೊರಡಿಸಿದ್ದ. ಪ್ರತಿ ಪುಸ್ತಕವನ್ನೂ ಎರಡು ಪ್ರತಿ ಬರೆಯಬೇಕು, ಒಂದು ಚರ್ಚಿನಲ್ಲಿ, ಒಂದು ನ್ಯಾಯಾಲಯದಲ್ಲಿ ಇರಬೇಕು ಅಂತ. ಒಂದು ಸುಟ್ಟರೂ ಇನ್ನೊಂದು ಉಳಿಯಿತು. ಆ ಒಂದು ಆಜ್ಞೆಗೆ ಇಲ್ಲಿಯ ಎಷ್ಟು ಮನೆಗಳು ಋಣಿಯೋ!

ಆ ಪುಸ್ತಕಗಳ ಪುಟಗಳು ಈಗ ಕಂಪ್ಯೂಟರಿನಲ್ಲಿ ಸಿಗುತ್ತವೆ. ಒಂದು ಪುಟ ಓದಲು ಇಪ್ಪತ್ತು ನಿಮಿಷ ಬೇಕು. ಶಾಯಿ ಹರಡಿ ಹಿಂದಿನ ಪುಟದ ಅಕ್ಷರ ಮುಂದಿನ ಪುಟಕ್ಕೆ ಇಳಿದಿರುತ್ತದೆ. ಇಂಥ ದಿನ, ನಿನ್ನೆ ಹುಟ್ಟಿದ ಇಂಥ ಮಗುವಿಗೆ ದೀಕ್ಷಾಸ್ನಾನ ಮಾಡಿಸಿದೆ, ತಂದೆ ಇಂಥವನು, ತಾಯಿ ಇಂಥವಳು, ಜ್ಞಾನತಂದೆ ಜ್ಞಾನತಾಯಿ ಇಂಥವರು ಅಂತ ಪಾದ್ರಿ ಬರೆದಿರುತ್ತಾರೆ. ಕೊನೆಯಲ್ಲಿ ಪುಟದಿಂದ ಪುಟಕ್ಕೆ ಅದೇ ಮಾತು: ಇವರು ಸಹಿ ಮಾಡಲು ಬರುವುದಿಲ್ಲ ಎಂದು ತಿಳಿಸಿದ್ದಾರೆ. 1634ರಲ್ಲಿ ಬಂದ ಜಕಾರಿ ಕ್ಲೂತಿಯೇ ಅನ್ನುವ ಬಡಗಿಗೂ ಬರೆಯಲು ಬರುತ್ತಿರಲಿಲ್ಲ. ಅವನು ಪತ್ರದ ಕೆಳಗೆ ಒಂದು ಪುಟ್ಟ ಕೊಡಲಿಯ ಚಿತ್ರ ಬರೆಯುತ್ತಿದ್ದ. ಅದೇ ಅವನ ಸಹಿ. ಆ ಕೊಡಲಿಯನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ತಾತನ ಹೆಬ್ಬೆಟ್ಟಿನ ಗುರುತು ಇರುವ ಹಳೆಯ ಕ್ರಯಪತ್ರ ಕಣ್ಣ ಮುಂದೆ ಬರುತ್ತಲೇ ಇತ್ತು.

ಮೂರನೇ ವಾರಕ್ಕೆ ಅಜ್ಜಿಯ ತಂದೆಯ ಕಡೆ ಒಂದು ಎಬೇರ್ ಹೆಸರು ಸಿಕ್ಕಿತು. ಅವರ ಮುತ್ತಜ್ಜಿಯೊಬ್ಬರ ಹುಟ್ಟುಮನೆಯ ಹೆಸರು ಎಬೇರ್. ನಾವಿಬ್ಬರೂ ಕುಣಿದಾಡಿಬಿಟ್ಟೆವು. ಅಜ್ಜಿ ಅವತ್ತು ಬಟಾಣಿ ಸಾರು ಮಾಡಿ ಕಳಿಸಿದರು. ನಾನು ಆ ಎಬೇರ್ ಗಂಡಸರನ್ನು ಒಬ್ಬೊಬ್ಬರಾಗಿ ಹಿಡಿದು ಹಿಂದಕ್ಕೆ ಹೋದೆ. ಅಪ್ಪ, ಅವನ ಅಪ್ಪ, ಅವನ ಅಪ್ಪ. ದಾರಿ ಕ್ವಿಬೆಕ್ ನಗರದ ಕಡೆಗೆ ಬರುವ ಬದಲು ದೂರ ದೂರ ಸರಿಯುತ್ತಿತ್ತು. ಕೊನೆಗೆ ಬಂದು ನಿಂತದ್ದು ಪೂರ್ವದ ಸಮುದ್ರತೀರದ ಹಳೆಯ ಫ್ರೆಂಚ್ ವಸಾಹತು ಅಕಾಡಿಯಾದಲ್ಲಿ, ಎತಿಯೆನ್ ಎಬೇರ್ ಅನ್ನುವ ಬೇರೆಯೇ ಒಬ್ಬ ರೈತನ ಹತ್ತಿರ. ಅವನೂ ಅವನ ಅಣ್ಣತಮ್ಮ ಆಂತ್ವಾನ್ ಎಂಬವನೂ 1640ರ ದಶಕದ ಹೊತ್ತಿಗೆ ಅಲ್ಲಿಗೆ ಬಂದವರು. 1755ರಲ್ಲಿ ಇಂಗ್ಲಿಷರು ಅಕಾಡಿಯಾದ ಫ್ರೆಂಚರನ್ನು ಮನೆಮಠ ಬಿಡಿಸಿ ಹಡಗು ಹತ್ತಿಸಿದಾಗ ಇವರ ಮೊಮ್ಮಕ್ಕಳು ಮರಿಮಕ್ಕಳು ದಿಕ್ಕಾಪಾಲಾದರು. ಕೆಲವರು ಕ್ವಿಬೆಕ್‌ಗೆ ಬಂದರು, ತುಂಬ ಜನ ಲೂಸಿಯಾನಕ್ಕೆ ಹೋದರು. ಮಾಂಟ್ರಿಯಲ್‌ನಲ್ಲಿ ಇನ್ನೊಬ್ಬ ಎಬೇರ್ ಇದ್ದ. ಓಗ್ಯುಸ್ತ್ಯಾನ್ ಎಬೇರ್ ಉರುಫ್ ಜೊಲಿಕರ್. ಅವನಿಗೂ ನಮ್ಮ ಲೂಯಿಗೂ ಸಂಬಂಧವಿಲ್ಲ.

ಆಮೇಲೆ ತಿಳಿಯಿತು. ಇವತ್ತು ಎಬೇರ್ ಅಂತ ಅಡ್ಡಹೆಸರು ಇಟ್ಟುಕೊಂಡಿರುವ ಯಾರೂ ಆ ಹೆಸರನ್ನು ಲೂಯಿಯಿಂದ ಪಡೆದಿಲ್ಲ. ಯಾಕೆಂದರೆ ಅವನ ಹೆಸರು ಮೂರೇ ತಲೆಮಾರಿಗೆ ಕಮರಿಹೋಯಿತು. ಅಪ್ಪನಿಂದ ಮಗನಿಗೆ ಅಂತ ಹುಡುಕುವವರಿಗೆ ಲೂಯಿ ಎಬೇರ್‌ಗೆ ವಂಶವೇ ಇಲ್ಲ. ಹಾಗಿದ್ದೂ ಅವನ ಸಂತತಿ ಈ ದೇಶದ ತುಂಬ ಇದೆ. ಅದು ಹೇಗೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಲೂಯಿ ಮೊದಲು 1606ರಲ್ಲಿ ಒಬ್ಬನೇ ಅಕಾಡಿಯಾದ ಪೋರ್ ರಾಯಲ್‌ಗೆ ಬಂದಿದ್ದ. ಅಲ್ಲಿ ಮಿಕ್‌ಮಾ ಅನ್ನುವ ಮೂಲನಿವಾಸಿ ಜನರ ಪರಿಚಯವಾಯಿತು, ಈ ಕಡೆಯ ಗಿಡಮೂಲಿಕೆಗಳ ಪರಿಚಯವೂ ಆಯಿತು. 1613ರಲ್ಲಿ ಇಂಗ್ಲಿಷರು ಆ ನೆಲೆಯನ್ನು ಸುಟ್ಟುಹಾಕಿದರು. ಪ್ಯಾರಿಸ್‌ಗೆ ವಾಪಸ್ ಹೋದ. ಮಣ್ಣಿನ ಆಸೆ ಮಾತ್ರ ಹೋಗಲಿಲ್ಲ. ಕ್ವಿಬೆಕ್ ಕಟ್ಟುತ್ತಿದ್ದ ಶಾಂಪ್ಲೇನ್ ಕರೆದ. ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಕಂಪನಿ ವರ್ಷಕ್ಕೆ 600 ಲೀವ್ರ್ ಸಂಬಳ ಕೊಡುತ್ತೇನೆ ಅಂದಿತು. ಲೂಯಿ ಮನೆ ಮಾರಿದ. ಹೆಂಡತಿ ಮರೀ ರೊಲೆ, ಮಕ್ಕಳು ಆನ್, ಗಿಯಮೆತ್, ಗಿಯೋಮ್ ಇಷ್ಟೂ ಜನರನ್ನು ಕರೆದುಕೊಂಡು 1617ರಲ್ಲಿ ಓನ್‌ಫ್ಲರ್ ಬಂದರಿಗೆ ಬಂದ. ಅಲ್ಲಿ ಕಂಪನಿಯವರು ಹೊಸ ಕರಾರು ಮುಂದಿಟ್ಟರು. ಸಂಬಳ 300 ಮಾತ್ರ. ಹೆಂಡತಿ ಮಕ್ಕಳೂ ಕಂಪನಿಗೆ ಪುಕ್ಕಟೆ ದುಡಿಯಬೇಕು. ಬಿಡುವು ಸಿಕ್ಕಾಗ ಮಾತ್ರ ಬೇಸಾಯ. ಬೆಳೆದದ್ದನ್ನು ಕಂಪನಿಗೇ ಮಾರಬೇಕು, ಅದೂ ಫ್ರಾನ್ಸಿನಲ್ಲಿ ನಡೆಯುವ ದರಕ್ಕೆ. ಮನೆ ಮಾರಿ ಬಂದವನು ಎಲ್ಲಿಗೆ ಹೋಗುತ್ತಾನೆ? ಸಹಿ ಹಾಕಿದ.

ಕಂಪನಿಗೆ ಬೇಕಿದ್ದದ್ದು ಬೀವರ್ ಅನ್ನುವ ಪ್ರಾಣಿಯ ತುಪ್ಪಳ. ಒಕ್ಕಲು ಮಾಡುವವರು ಬಂದರೆ ಕಾಡು ಕಡಿಯುತ್ತಾರೆ, ಮನೆ ಕಟ್ಟುತ್ತಾರೆ, ತುಪ್ಪಳದ ವ್ಯಾಪಾರಕ್ಕೆ ಅಡ್ಡ ಬರುತ್ತಾರೆ ಅನ್ನುವ ಲೆಕ್ಕ ಅವರದು. 1608ರಲ್ಲಿ ಶಾಂಪ್ಲೇನ್ ಕ್ವಿಬೆಕ್ ನೆಲೆ ಹಾಕಿದಾಗ ಜೊತೆಗಿದ್ದವರು 28 ಜನ. ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ 8 ಜನ ಉಳಿದಿದ್ದರು. ಅಂಥ ಜಾಗಕ್ಕೆ ಒಬ್ಬ ಹೆಂಗಸು ಮೂರು ಮಕ್ಕಳನ್ನು ಕರೆದುಕೊಂಡು ಹೊರಟಿದ್ದಳು. ಸುಮಾರು ಮೂರು ತಿಂಗಳ ಪ್ರಯಾಣ. ದಾರಿಯಲ್ಲಿ ಮಂಜುಗಡ್ಡೆಯ ಗುಡ್ಡಗಳು ಹಡಗನ್ನು ಸುತ್ತುಗಟ್ಟಿದವು. ಇನ್ನು ಉಳಿಗಾಲವಿಲ್ಲ ಅಂತ ಎಲ್ಲರೂ ಪ್ರಾರ್ಥನೆಗೆ ಕೂತರು. ಆಗ ಮರೀ ರೊಲೆ ಕೆಳಗಿನಿಂದ ತನ್ನ ಚಿಕ್ಕ ಮಗುವನ್ನು ಹಡಗಿನ ಮೇಲ್ಗಿಂಡಿಯ ಮೂಲಕ ಎತ್ತಿ ಹಿಡಿದಳಂತೆ. ಪಾದ್ರಿಯ ಆಶೀರ್ವಾದ ಅದರ ತಲೆಗೂ ತಾಗಲಿ ಅಂತ. ಅಂದಿನ ಪಾದ್ರಿಗಳ ಬರಹದಲ್ಲಿ ಈ ಮಾತು ಬರುತ್ತದೆ. ಹಳೆಯ ಕಾಗದಗಳಲ್ಲಿ ಅವಳ ಬಗ್ಗೆ ಇರುವುದು ತೀರಾ ಕಡಿಮೆ. ಆದರೆ ಆ ಎರಡು ಕೈಗಳು ನನ್ನ ಕಣ್ಣಿಗೆ ಕಟ್ಟಿದ ಹಾಗಿವೆ.

ಬಂಡೆಯ ಮೇಲಿನ ಎತ್ತರದ ಜಾಗದಲ್ಲಿ ಲೂಯಿ ಮನೆ ಕಟ್ಟಿದ. ಕೆಳಗೆ ಸೇಂಟ್ ಲಾರೆನ್ಸ್ ನದಿ. ಮರ ಕಡಿದು, ಬೊಡ್ಡೆ ಕಿತ್ತು, ಬೇರು ಸುಟ್ಟು ನೆಲ ಬಿಡಿಸಿದ. ಅವನಿಗೆ ನೇಗಿಲು ಇರಲಿಲ್ಲ. ಎತ್ತೂ ಇರಲಿಲ್ಲ. ನೇಗಿಲು ಕೊಡಿಸಲು ಕಂಪನಿ ಮನಸ್ಸು ಮಾಡಲೇ ಇಲ್ಲ. ಹತ್ತು ವರ್ಷ ಪೂರ್ತಿ ಗುದ್ದಲಿ ಸಲಿಕೆಯಲ್ಲೇ ಅಗೆದು ಬೆಳೆದ. ಗೋಧಿ, ಬಟಾಣಿ, ಮುಸುಕಿನ ಜೋಳ, ಕುಂಬಳ. ನಾರ್ಮಂಡಿಯಿಂದ ತಂದ ಸೇಬಿನ ಸಸಿಗಳು. ಗುದ್ದಲಿಯಲ್ಲಿ ಒಂದು ಗುಂಟೆ ಅಗೆದವರಿಗೂ ಇದರ ಕಷ್ಟ ಗೊತ್ತು. ನಮ್ಮೂರು ಹಾಸನದ ಕಡೆ. ಎತ್ತು ಮಾರಿದ ವರ್ಷ ನಮ್ಮಪ್ಪ ಹಿತ್ತಲಿನ ಅಷ್ಟಗಲ ಜಾಗ ಅಗೆಯಲು ನಾಲ್ಕು ದಿನ ತೆಗೆದುಕೊಂಡಿದ್ದರು. ಲೂಯಿಯ ನೆಲವೋ, ಬೇರು ಬಿಟ್ಟ ಕಾಡು.

ಇಲ್ಲಿ ಒಂದು ಮಾತು ಹೇಳಲೇಬೇಕು. "ಮೊದಲ ರೈತ" ಅಂದರೆ ಮೊದಲ ಫ್ರೆಂಚ್ ರೈತ ಅಂತ ಮಾತ್ರ. ಮುಸುಕಿನ ಜೋಳ, ಬೀನ್ಸ್, ಕುಂಬಳ ಮೂರನ್ನೂ ಒಟ್ಟಿಗೆ ಬೆಳೆಯುವುದನ್ನು ಈ ನದಿಯ ದಡದ ಮೂಲನಿವಾಸಿ ಹೆಂಗಸರು ಶತಮಾನಗಳಿಂದ ಮಾಡಿಕೊಂಡು ಬಂದಿದ್ದರು. 1535ರಲ್ಲಿ ಫ್ರೆಂಚ್ ನಾವಿಕ ಜಾಕ್ ಕಾರ್ತಿಯೇ ಬಂದಾಗ ಇದೇ ಜಾಗದ ಹತ್ತಿರ ಸ್ಟಾಡಕೋನಾ ಅನ್ನುವ ಊರಿತ್ತು, ಊರ ಸುತ್ತ ಹೊಲವಿತ್ತು. 1608ರ ಹೊತ್ತಿಗೆ ಆ ಜನ ಅಲ್ಲಿರಲಿಲ್ಲ. ನೆಲಕ್ಕೆ ಕೃಷಿ ಹೊಸದಲ್ಲ, ಬಂದವರು ಹೊಸಬರು.

1627ರ ಜನವರಿ 25. ಲೂಯಿ ಮಂಜುಗಡ್ಡೆಯ ಮೇಲೆ ಜಾರಿಬಿದ್ದ ಪೆಟ್ಟಿನಿಂದ ತೀರಿಕೊಂಡ. ಅದರ ಮರುವರ್ಷ, 1628ರ ಏಪ್ರಿಲ್ 27ರಂದು, ಕ್ವಿಬೆಕ್‌ನ ಮಣ್ಣಿಗೆ ಎತ್ತು ಹೂಡಿದ ನೇಗಿಲು ಮೊದಲ ಸಲ ಇಳಿಯಿತು ಅಂತ ಶಾಂಪ್ಲೇನ್ ಬರೆದಿಟ್ಟಿದ್ದಾನೆ. ಒಂದು ವರ್ಷ ಮೂರು ತಿಂಗಳ ಅಂತರ. ನೇಗಿಲು ಹಿಡಿದವನು ಅಳಿಯ, ಗಿಯೋಮ್ ಕುಯಾರ್.

ಈಗ ಮಕ್ಕಳ ವಿಷಯಕ್ಕೆ ಬರೋಣ. ಹಿರಿಯ ಮಗಳು ಆನ್ 1618ರಲ್ಲಿ ಮದುವೆಯಾದಳು. ಒಂದೆರಡು ವರ್ಷದಲ್ಲೇ ಹೆರಿಗೆಯಲ್ಲಿ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಮಗ ಗಿಯೋಮ್ 1634ರಲ್ಲಿ ಎಲೆನ್ ದೆಪೋರ್ತ್‌ಳನ್ನು ಮದುವೆಯಾದ. ಕ್ವಿಬೆಕ್‌ನಲ್ಲಿ ಹುಟ್ಟಿದ ಮೊದಲ ಫ್ರೆಂಚ್ ಮಗು ಇವಳೇ ಇರಬೇಕು ಅನ್ನುತ್ತಾರೆ. ಮುಂದೆ ಊರಿಗೇ ಸೂಲಗಿತ್ತಿಯಾದಳು. ಗಿಯೋಮ್ ಐದೇ ವರ್ಷ ಸಂಸಾರ ಮಾಡಿ 1639ರಲ್ಲಿ ಸತ್ತ. ಅವನಿಗಿದ್ದ ಮಗ ಜೋಸೆಫ್ 1660ರಲ್ಲಿ ಮದುವೆಯಾದ. ಮರುವರ್ಷವೇ ಇರೊಕ್ವಾ ಅನ್ನುವ ಮೂಲನಿವಾಸಿ ಯೋಧರ ಕೈಗೆ ಸಿಕ್ಕಿ ಪ್ರಾಣ ಕಳೆದುಕೊಂಡ. ಆಗ ಅವನ ಹೆಂಡತಿ ಬಸುರಿ. ಹುಟ್ಟಿದ್ದು ಗಂಡು. ಆ ಕೂಸೂ ದಕ್ಕಲಿಲ್ಲ. ಎಬೇರ್ ಅನ್ನುವ ಹೆಸರು ಅಲ್ಲಿಗೆ ನಿಂತಿತು.

ಉಳಿದವಳು ನಡುವಿನ ಮಗಳು ಗಿಯಮೆತ್. ಜೊತೆಗೆ ಜೋಸೆಫ್‌ನ ತಂಗಿ ಫ್ರಾಂಸ್ವಾಜ್. ಅವಳದೂ ದೊಡ್ಡ ಸಂಸಾರವಾಯಿತು. ಆದರೆ ನಮ್ಮ ಅಜ್ಜಿಯ ದಾರಿ ಹೋಗಿ ಸೇರುವುದು ಗಿಯಮೆತ್ ಹತ್ತಿರ.

ಗಿಯಮೆತ್ 1621ರ ಆಗಸ್ಟ್ 26ರಂದು ಗಿಯೋಮ್ ಕುಯಾರ್‌ನನ್ನು ಮದುವೆಯಾದಳು. ಅವಳಿಗೆ ಆಗ ಹದಿನೈದರ ಆಸುಪಾಸು. ಅವನು ಹಡಗಿನ ಕೆಲಸ, ಮರಗೆಲಸ ಬಲ್ಲವನು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಮನೆಅಳಿಯ. ಮಾವನ ಹೊಲವನ್ನೇ ಮುಂದುವರಿಸಿದ. ಹತ್ತು ಮಕ್ಕಳಾದರು. 1629ರಲ್ಲಿ ಇಂಗ್ಲಿಷರ ಪರ ಬಂದ ಕರ್ಕ್ ಸಹೋದರರು ಕ್ವಿಬೆಕ್ ಹಿಡಿದರು. ಶಾಂಪ್ಲೇನ್ ಸಮೇತ ಹೆಚ್ಚು ಕಡಿಮೆ ಎಲ್ಲ ಫ್ರೆಂಚರೂ ಹಡಗು ಹತ್ತಿ ಹೊರಟುಹೋದರು. ಈ ಮನೆಯವರು ಹೋಗಲಿಲ್ಲ. ಮರೀ ರೊಲೆ ಆ ಹೊತ್ತಿಗೆ ಗಿಯೋಮ್ ಹುಬೂ ಎಂಬವನನ್ನು ಮರುಮದುವೆಯಾಗಿದ್ದಳು. ಅಮ್ಮ, ಮಗಳು, ಅಳಿಯ, ಮೊಮ್ಮಕ್ಕಳು ಹೊಲ ಬಿಟ್ಟು ಕದಲಲಿಲ್ಲ. ಬಿತ್ತಿದ್ದನ್ನು ಬಿಟ್ಟು ಹೇಗೆ ಹೋಗುವುದು? ಮೂರು ವರ್ಷ ಪಾದ್ರಿಯಿಲ್ಲದೆ ಇದ್ದರು. 1632ರಲ್ಲಿ ಫ್ರೆಂಚರು ಮತ್ತೆ ಬಂದಾಗ ಪಾದ್ರಿ ಪೋಲ್ ಲ ಜ್ಯೂನ್ ಮೊದಲ ಪೂಜೆ ಮಾಡಿದ್ದು ಇವರ ಮನೆಯಲ್ಲೇ. ಮನೆಯವರು ಸಂತೋಷಕ್ಕೆ ಅತ್ತರು ಅಂತ ಬರೆದಿದ್ದಾರೆ.

ಇಷ್ಟನ್ನು ಓದಿ ಹೇಳುವಾಗ ಅಜ್ಜಿಯ ಕಣ್ಣೂ ತುಂಬಿತ್ತು. ಮುಂದಿನದನ್ನು ಹೇಳುವುದೋ ಬೇಡವೋ ಅಂತ ನಾನು ಎರಡು ದಿನ ಯೋಚಿಸಿದೆ.

ಅದೇ ಮನೆಯಲ್ಲಿ ಒಬ್ಬ ಹುಡುಗನಿದ್ದ. ಕರ್ಕ್ ಸಹೋದರರ ಹಡಗಿನಲ್ಲಿ ಬಂದವನು. ಆರೇಳು ವರ್ಷದ ಮಗು. ಮಡಗಾಸ್ಕರ್‌ನವನು ಅಂತ ಕೆಲವರು, ಆಫ್ರಿಕಾದ ಗಿನಿಯ ಕಡೆಯವನು ಅಂತ ಕೆಲವರು. ಅವನನ್ನು 50 ಎಕ್ಯೂ ನಾಣ್ಯಗಳಿಗೆ ಮಾರಿದರು. 1632ರಲ್ಲಿ ಇಂಗ್ಲಿಷರು ಹೊರಟಾಗ ಕೊಂಡವನು ಅವನನ್ನು ಕುಯಾರ್‌ಗೆ ಕೊಟ್ಟುಹೋದ. ಪಾದ್ರಿ ಲ ಜ್ಯೂನ್ ಅವನಿಗೂ ಒಬ್ಬ ಮೂಲನಿವಾಸಿ ಹುಡುಗನಿಗೂ ಅಕ್ಷರ ಕಲಿಸಲು ಶುರು ಮಾಡಿದರು. ದೀಕ್ಷಾಸ್ನಾನ ಆದರೆ ನೀನೂ ನಮ್ಮಂತೆ ಆಗುತ್ತೀಯ ಅಂದಾಗ ಆ ಮಗು ಕೇಳಿದ್ದು ಪಾದ್ರಿಯ ಬರಹದಲ್ಲೇ ಇದೆ. ನಾನು ಕಪ್ಪು, ನೀವು ಬಿಳಿ, ಹಾಗಾದರೆ ನನ್ನ ಚರ್ಮ ಸುಲಿಯಬೇಕಾ ಅಂತ. 1633ರಲ್ಲಿ ದೀಕ್ಷಾಸ್ನಾನವಾಯಿತು. ಒಲಿವಿಯೇ ಲ ಜ್ಯೂನ್ ಅಂತ ಹೆಸರಿಟ್ಟರು. ಹೆಸರಿನ ಕೊನೆಯ ಭಾಗ ಪಾದ್ರಿಯದೇ. ತಾಯಿ ಇಟ್ಟ ಹೆಸರು ಎಲ್ಲೂ ಇಲ್ಲ. 1654ರಲ್ಲಿ ತೀರಿಕೊಂಡಾಗ ಪುಸ್ತಕದಲ್ಲಿ ಅವನನ್ನು ಮನೆಯ ಆಳು ಅಂತ ಬರೆದರು.

ಅಜ್ಜಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವನ ಹೆಸರನ್ನೂ ಹಾಳೆಯಲ್ಲಿ ಬರಿ" ಅಂದರು. "ಅವನು ನಿಮ್ಮ ವಂಶದವನಲ್ಲವಲ್ಲ" ಅಂದೆ. "ಆ ಮನೆಯಲ್ಲಿ ಇದ್ದನಲ್ಲ" ಅಂದರು. ಬರೆದೆ. ಗಿಯಮೆತ್ ಮತ್ತು ಕುಯಾರ್ ಹೆಸರಿನ ಪಕ್ಕ, ಯಾವ ಗೆರೆಯೂ ಎಳೆಯದೆ.

ಗಿಯಮೆತ್ ತುಂಬ ವರ್ಷ ಬದುಕಿದಳು. ಗಂಡ 1663ರಲ್ಲಿ ಹೋದ. 1666ರಲ್ಲಿ ಅವಳು ಅಪ್ಪ ಕಟ್ಟಿದ ನೆಲವನ್ನು ಬಿಷಪ್ ಲವಾಲ್‌ಗೆ ಮಾರಿದಳು. ಅಲ್ಲಿ ಕ್ವಿಬೆಕ್‌ನ ಸೆಮಿನರಿ, ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಶಾಲೆ, ಎದ್ದಿತು. 1678ರಲ್ಲಿ ಲೂಯಿಯ ಶವಪೆಟ್ಟಿಗೆಯನ್ನು ಹಳೆಯ ಸಮಾಧಿಯಿಂದ ತೆಗೆದು ರೆಕೊಲೆ ಪಾದ್ರಿಗಳ ಹೊಸ ಮಠದ ನೆಲಮನೆಗೆ ಒಯ್ದರು. ದೇವದಾರು ಮರದ ಪೆಟ್ಟಿಗೆ. ಮಗಳಿಗೆ ಆಗ ನಡೆಯಲು ಆಗುತ್ತಿರಲಿಲ್ಲ. ಹೊತ್ತುಕೊಂಡು ಹೋಗಿ ಅಂತ ಹೇಳಿ ಅಲ್ಲಿಗೆ ಬಂದಳಂತೆ. ಅಪ್ಪ ಸತ್ತು 51 ವರ್ಷವಾಗಿತ್ತು. 1684ರಲ್ಲಿ ಅವಳು ಆಸ್ಪತ್ರೆಯ ಸನ್ಯಾಸಿನಿಯರ ಹತ್ತಿರ ಕಣ್ಣುಮುಚ್ಚಿದಳು. ಆ ಹೊತ್ತಿಗೆ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಸೇರಿ 250ಕ್ಕೂ ಹೆಚ್ಚು ಜನ.

ಇಲ್ಲಿಯ ದಾಖಲೆಗಳಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಒಂದಿದೆ. ಫ್ರೆಂಚರ ಕಾಲದಿಂದಲೂ ಚರ್ಚಿನ ಪುಸ್ತಕದಲ್ಲಿ ಹೆಣ್ಣಿನ ಹೆಸರು ಅವಳ ಹುಟ್ಟುಮನೆಯ ಹೆಸರಿನ ಜೊತೆಯೇ ಇರುತ್ತದೆ. ಮದುವೆಯಾದರೂ, ವಿಧವೆಯಾದರೂ, ಮರುಮದುವೆಯಾದರೂ, ಸತ್ತರೂ ಅವಳು ಗಿಯಮೆತ್ ಎಬೇರ್. ಗಂಡನ ಹೆಸರು ಪಕ್ಕದಲ್ಲಿ ಇರುತ್ತದೆ ಅಷ್ಟೇ. ಹೀಗಾಗಿ ಹುಡುಕುವವರಿಗೆ ದಾರಿ ತಪ್ಪುವುದಿಲ್ಲ. ಯಾವ ಮನೆಯ ಮಗಳು ಯಾವ ಮನೆಗೆ ಹೋದಳು ಅಂತ ಗೊತ್ತಾಗುತ್ತದೆ. 1981ರಿಂದ ಕ್ವಿಬೆಕ್‌ನ ಕಾನೂನೂ ಹಾಗೇ ಇದೆ. ಮದುವೆಯಾದ ಮೇಲೂ ಹೆಣ್ಣು ಹುಟ್ಟಿದ ಹೆಸರಿನಲ್ಲೇ ವ್ಯವಹರಿಸಬೇಕು.

ಎಲ್ಲವೂ ಸಲೀಸಾಗಿ ಸಿಕ್ಕಿತು ಅಂತಲ್ಲ. 1640ರ ಜೂನ್‌ನಲ್ಲಿ ಕ್ವಿಬೆಕ್‌ನ ಚರ್ಚು ಸುಟ್ಟು ಮೊದಲ ಪುಸ್ತಕಗಳು ಹೋದವು. ಪಾದ್ರಿಗಳು ಊರವರನ್ನು ಕೂರಿಸಿಕೊಂಡು, ಯಾರ ಮದುವೆ ಯಾವಾಗ, ಯಾರ ಮಗು ಯಾವಾಗ ಹುಟ್ಟಿತು ಅಂತ ಕೇಳಿ ಕೇಳಿ 1621ರಿಂದ ಹಿಡಿದು ನೆನಪಿನಿಂದ ಮತ್ತೆ ಬರೆದರು. ಗಿಯಮೆತ್ ಮದುವೆಯ ತಾರೀಖು ನಮಗೆ ಸಿಕ್ಕಿರುವುದು ಆ ನೆನಪಿನ ಪುಸ್ತಕದಿಂದ. ಅವಳೇ ಹೇಳಿ ಬರೆಸಿರಬಹುದು ಅಂತ ನನ್ನ ಆಸೆ. ಆಮೇಲೆ 19ನೇ ಶತಮಾನದಲ್ಲಿ ಸಿಪ್ರಿಯನ್ ತಾಂಗೇ ಅನ್ನುವ ಪಾದ್ರಿ ಹಳೆಯ ಪುಸ್ತಕಗಳನ್ನೆಲ್ಲ ಜಾಲಾಡಿ ಇಲ್ಲಿಯ ಫ್ರೆಂಚ್ ಮನೆತನಗಳ ಕೋಶವನ್ನು 7 ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. 1871ರಿಂದ 1890ರವರೆಗಿನ ಕೆಲಸ. 1966ರಲ್ಲಿ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 1800ಕ್ಕೂ ಹಿಂದಿನ ಎಲ್ಲ ಹುಟ್ಟು, ಮದುವೆ, ಸಾವುಗಳನ್ನು ಕಂಪ್ಯೂಟರಿಗೆ ಏರಿಸಲು ಕೂತರು. ಏಳು ಲಕ್ಷದ ಹತ್ತಿರ ದಾಖಲೆಗಳು. ಆ ಕೊಡಲಿ ಸಹಿಯ ಕ್ಲೂತಿಯೇಯ ಸಂತತಿಯಲ್ಲಿ 1800ರ ಹೊತ್ತಿಗೆ ಮದುವೆಯಾಗಿದ್ದವರು 10,850 ಜನ ಅಂತ ಲೆಕ್ಕ ಹಾಕಿದ್ದೂ ಅವರೇ.

ಮಾರ್ಚ್ ಕೊನೆಗೆ ಅಜ್ಜಿಯ ಹಾಳೆ ತುಂಬಿತು. ಹನ್ನೆರಡು ಮದುವೆಗಳು, ಒಂದರ ಕೆಳಗೊಂದು. ಅವರಮ್ಮನಿಂದ ಶುರುವಾಗಿ, ಅಲ್ಲಲ್ಲಿ ಒಬ್ಬ ಗಂಡಸಿನ ಮೂಲಕ ಹಾದು, ಹೆಚ್ಚಾಗಿ ಮಗಳಿಂದ ತಾಯಿಗೆ, ತಾಯಿಯಿಂದ ಅವಳ ತಾಯಿಗೆ. ಎಂಟು ಕಡೆ ಅಡ್ಡಹೆಸರು ಬದಲಾಗಿದೆ. ಕೊನೆಯ ಎರಡು ಸಾಲು ಗಿಯಮೆತ್ ಎಬೇರ್, ಮರೀ ರೊಲೆ. ಅಮ್ಮ ಸುಮ್ನೆ ಬರೆದಿರಲಿಲ್ಲ.

ಹಿಮ ಕರಗಿದ ಮೇಲೆ ಒಂದು ಭಾನುವಾರ ಅವರನ್ನು ಮೊಂಮೊರಾಂಸಿ ಉದ್ಯಾನಕ್ಕೆ ಕರೆದುಕೊಂಡು ಹೋದೆ. ಅಲ್ಲಿ ನದಿಯ ಕಡೆ ಲೂಯಿ ಎಬೇರ್ ಸ್ಮಾರಕವಿದೆ. ಆಲ್ಫ್ರೆಡ್ ಲಲಿಬೆರ್ತೆ ಮಾಡಿದ ಕಂಚಿನ ಪ್ರತಿಮೆಗಳು. 1617ಕ್ಕೆ 300 ವರ್ಷ ತುಂಬಿದ ನೆನಪಿಗೆ 1918ರಲ್ಲಿ ಅನಾವರಣ ಮಾಡಿದ್ದು. ಮೇಲೆ ಲೂಯಿ ಗೋಧಿಯ ಸಿವುಡನ್ನು ಆಕಾಶಕ್ಕೆ ಎತ್ತಿ ಹಿಡಿದು ನಿಂತಿದ್ದಾನೆ. ಕೈಯಲ್ಲಿ ಕುಡಗೋಲು. ಕೆಳಗೆ ಒಂದು ಪಕ್ಕದಲ್ಲಿ ನೇಗಿಲ ಜೊತೆ ಕುಯಾರ್. ಇನ್ನೊಂದು ಪಕ್ಕದಲ್ಲಿ ಮರೀ ರೊಲೆ ಕೂತಿದ್ದಾಳೆ, ಸುತ್ತ ಮೂರು ಮಕ್ಕಳು. ಬಂದವರೆಲ್ಲ ಮೇಲೆ ನೋಡಿ ಫೋಟೊ ತೆಗೆಯುತ್ತಿದ್ದರು. ಅಜ್ಜಿ ಮೇಲೆ ನೋಡಲಿಲ್ಲ. ಊರುಗೋಲು ನನ್ನ ಕೈಗೆ ಕೊಟ್ಟು, ಆ ಮೂರು ಮಕ್ಕಳ ಮುಖ ಒಂದೊಂದನ್ನೇ ಹತ್ತಿರದಿಂದ ನೋಡಿದರು. "ಇವರಲ್ಲಿ ನಮ್ಮವಳು ಯಾರು?" ಅಂತ ಕೇಳಿದರು.

ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ನಮ್ಮ ಮನೆಯಲ್ಲೂ ಒಂದು ವಂಶವೃಕ್ಷ ಇದೆ. ಪೌತಿ ಖಾತೆ ಮಾಡಿಸುವಾಗ ಚಿಕ್ಕಪ್ಪ ಹಿರಿಯರನ್ನೆಲ್ಲ ಕೇಳಿ ಬರೆದದ್ದು. ಅದರ ಫೋಟೊ ನನ್ನ ಫೋನಿನಲ್ಲಿತ್ತು. ಏಳು ತಲೆಮಾರು. ಅಪ್ಪನ ತಲೆಮಾರಿನಲ್ಲಿ ಸೋದರತ್ತೆಯರ ಹೆಸರಿದೆ, ಆ ಹೊತ್ತಿಗೆ ಕಾನೂನು ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತ್ತು. ಅದಕ್ಕಿಂತ ಮೇಲಕ್ಕೆ ಹೋದರೆ ಒಂದೂ ಹೆಂಗಸಿಲ್ಲ. ಗಂಡಸರಿಂದ ಗಂಡಸರಿಗೆ ಗೆರೆ. ಮಕ್ಕಳಿಲ್ಲದೆ ಸತ್ತವರ ಹೆಸರಿನ ಕೆಳಗೆ ಒಂದು ಸೊನ್ನೆ. ಹೆಣ್ಣುಮಕ್ಕಳು ಮಾತ್ರ ಇದ್ದವರ ಕೆಳಗೂ ಅದೇ ಸೊನ್ನೆ ಅಂತ ಅಮ್ಮ ಹೇಳಿದಾಗಲೇ ನನಗೆ ಗೊತ್ತಾದದ್ದು.

"ಅಪ್ಪನ ಅಜ್ಜಿ ಹೆಸರೇನಮ್ಮ?"

ಅಮ್ಮ ಹೇಳಿದರು. ನಾನು ಬರೆದುಕೊಂಡೆ.

"ಅವರ ಅತ್ತೆ?"

"ಎಲ್ಲರೂ ದೊಡ್ಡವ್ವ ಅಂತಲೇ ಕರೀತಿದ್ರಂತೆ. ಹೆಸರು ನಾನು ಕೇಳಿಲ್ಲ ಕಣೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ತವರು ಅರಸೀಕೆರೆ ಕಡೆ ಅಂತಿದ್ರು. ದೊಡ್ಡತ್ತೆಗೆ ಗೊತ್ತಿರಬಹುದು. ಅವರಿಗೆ ಈಗ ಕಿವಿ ಸರಿಯಾಗಿ ಕೇಳಲ್ಲ, ಫೋನಲ್ಲಿ ಆಗಲ್ಲ. ನಾಳೆ ಬೆಳಗ್ಗೆ ಬಸ್ಸಿಗೆ ನಾನೇ ಹೋಗಿ ಕೇಳ್ಕೊಂಡು ಬರ್ತೀನಿ" ಅಂದರು.